ಸರಳಾ ಅವರ ಅರ, ಮುನಿಶಾಮಮ್ಮನ ಕಿವಿ

ಬೆಳಗಿನ ಆರೂವರೆ ಆಯಿತೋ, ಮುಗಿಯಿತು. ಜಾಲಹಳ್ಳಿ ಕ್ರಾಸ್ ಹಿಂದಿನ ಈ ಅಡ್ಡರಸ್ತೆಗೆ ಮೊದಲು ನೀರಿನ ಟ್ಯಾಂಕರ್ ನುಗ್ಗುತ್ತದೆ, ಅದರ ಬೆನ್ನಿಗೆ ಕಾರ್ಖಾನೆ ಬಸ್ಸು, ಅದರ ಬೆನ್ನಿಗೆ ಇಡೀ ತುಮಕೂರು ರಸ್ತೆ. ಈಗ ಐದೂ ಇಪ್ಪತ್ತು. ಸರಳಾ ಅವರ ಕೈಯಲ್ಲಿರುವುದು ಒಂದು ಗಂಟೆ ಹತ್ತು ನಿಮಿಷದ ನಿಶ್ಶಬ್ದ. ಅಷ್ಟರೊಳಗೆ ಈ ಕೆಲಸ ಆಗಬೇಕು.

ನಡುಮನೆಯಲ್ಲಿ ಚಾಪೆಯ ಮೇಲೆ ಒಂದು ಸಿತಾರ್ ಮಲಗಿದೆ. ಹೊಸದಾಗಿ ಹಾಕಿದ ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದ್ದಾರೆ. ತಂತಿಗಳು ಹಾದುಹೋಗುವ ‘ಕುದುರೆ’, ಅಂದರೆ ಪುಟ್ಟ ಮರದ ಕಾಲುಗಳ ಮೇಲೆ ಅಂಟಿಸಿದ ಕೊಂಬಿನ ಪಟ್ಟಿ, ಅವರ ಎಡಗೈಯಲ್ಲಿದೆ. ಬಲಗಣ್ಣಿಗೆ ಗಡಿಯಾರ ರಿಪೇರಿಯವರ ಲೆನ್ಸ್. ಬಲಗೈಯಲ್ಲಿ ಸಣ್ಣ ಹಲ್ಲಿನ ಅರ. ಆ ಅರ ಹತ್ತು ನಿಮಿಷದಿಂದ ಕೊಂಬಿನ ಹತ್ತಿರ ಹೋಗುತ್ತದೆ, ವಾಪಸ್ ಬರುತ್ತದೆ. ಇನ್ನೂ ತಾಗಿಲ್ಲ.

“ಯಾಕೆ, ಕೈ ನಡುಗ್ತೈತಾ?” ಅಂತ ಗೋಡೆಗೊರಗಿ ಕೂತ ಮುನಿಶಾಮಮ್ಮ ಕೇಳುತ್ತಾರೆ.

“ಕೈ ನಡುಗ್ತಿಲ್ಲ ಕಣಕ್ಕ. ಹೊಟ್ಟೆ ನಡುಗ್ತಿದೆ.”

“ಒಟ್ಟೆ ನಡುಗಿದ್ರೆ ನಡುಗ್ಲಿ ಬುಡು. ಅರ ಇಡ್ಕೊಂಡಿರೋದು ಒಟ್ಟೆ ಅಲ್ವಲ್ಲ.”

ಸರಳಾ ನಗುವುದಿಲ್ಲ. ಅವರಿಗೆ ಅರವತ್ತೆರಡು. ಹತ್ತೊಂಬತ್ತು ವರ್ಷದಿಂದ ಸಿತಾರ್, ತಂಬೂರಿಗಳ ಕುದುರೆಗೆ ಜವಾರಿ ಕೂಡಿಸುವುದೇ ಅವರ ಕೆಲಸ. ಸಿತಾರ್ ಮೀಟಿದಾಗ ತಂತಿಯ ನಾದದ ಹಿಂದೆ ಒಂದು ಝೇಂಕಾರ ಎದ್ದು, ಉದ್ದಕ್ಕೆ ಎಳೆದುಕೊಂಡು ಹೋಗುತ್ತದಲ್ಲ, ಅದೇ ಜವಾರಿ. ಅದು ತಂತಿಯಲ್ಲೂ ಇಲ್ಲ, ಸೋರೆಬುರುಡೆಯಲ್ಲೂ ಇಲ್ಲ. ಕುದುರೆಯ ಬೆನ್ನಿನ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿದೆ. ತಂತಿ ಆ ಇಳಿಜಾರನ್ನು ಸವರಿಕೊಂಡು ಅದುರಬೇಕು. ಇಳಿಜಾರು ಒಂದು ಕೂದಲೆಳೆ ಹೆಚ್ಚಾದರೆ ತಂತಿ ಕಿರುಗುಟ್ಟುತ್ತದೆ, ಕಮ್ಮಿಯಾದರೆ ನಾದ ಮುಚ್ಚಿಕೊಳ್ಳುತ್ತದೆ. ನುಡಿಸಿ ನುಡಿಸಿ ತಂತಿ ಕೊಂಬನ್ನು ಕೊರೆಯುವುದರಿಂದ ಆಗಾಗ ಉಜ್ಜಿ ಸರಿಮಾಡಲೇಬೇಕು. ಕಛೇರಿ ಮುಗಿದು ಚಪ್ಪಾಳೆ ಬೀಳುವಾಗ ಈ ಉಜ್ಜಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಬಿಡಿ.

ಇವತ್ತಿನ ಕುದುರೆ ತೇಜಸ್ವಿನಿ ಅವರದು. ಆರ್.ಟಿ. ನಗರದಲ್ಲಿ ಮಕ್ಕಳಿಗೆ ಸಿತಾರ್ ಕಲಿಸುವ ತೇಜಸ್ವಿನಿಗೆ ಈ ವಾದ್ಯ ಬಂದದ್ದು ಗುರುಗಳಿಂದ. ಅವರು ತೀರಿಕೊಂಡು ಮೂರು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಯಲಹಂಕದ ಸಭಾಂಗಣವೊಂದರಲ್ಲಿ ಅವರ ನೆನಪಿಗೆ ಅವರದೇ ಸಿತಾರಿನಲ್ಲಿ ಶಿಷ್ಯೆ ನುಡಿಸಬೇಕು. ಅಂದರೆ ನಾಳೆಯೇ. ಕುದುರೆಯೋ, ಹಳೇ ಜಿಂಕೆ ಕೊಂಬಿನದು. ಹೊಸದು ತರೋಣ ಅಂದರೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಈಗೆಲ್ಲ ಮೂಳೆ, ಫೈಬರ್. ಈ ಹಳೇ ಕೊಂಬು ನಲವತ್ತು ವರ್ಷ ಉಜ್ಜಿಸಿಕೊಂಡು ಎಷ್ಟು ತೆಳುವಾಗಿದೆ ಅಂದರೆ ಕೆಳಗಿನ ಮರದ ಕಂದು ಬಣ್ಣ ಮೇಲಕ್ಕೇ ಕಾಣುತ್ತದೆ.

“ಇದರಲ್ಲಿ ಇನ್ನೊಂದೇ ಜವಾರಿ ಉಳಿದಿದೆ” ಎನ್ನುತ್ತಾರೆ ಸರಳಾ. “ಸರಿಯಾಗಿ ಕೂತ್ರೆ ಇನ್ನೂ ಐದಾರು ವರ್ಷ ಹಾಡುತ್ತೆ. ನಾನು ಎಡವಿದೆ ಅಂದ್ರೆ ಅರ ಮರಕ್ಕೆ ಹೋಗುತ್ತೆ, ಅಷ್ಟೇ ಕಥೆ. ಆಮೇಲೆ ಫೈಬರ್ ಹಾಕ್ಕೊಂಡು ನುಡಿಸ್ಬಹುದು, ನಾದ ಬರುತ್ತೆ. ಅವರ ಗುರುಗಳ ನಾದ ಬರಲ್ಲ.”

ಇಷ್ಟೇ ಆಗಿದ್ದರೆ ಅವರ ಹೊಟ್ಟೆ ನಡುಗುತ್ತಿರಲಿಲ್ಲ. ಇಂಥ ತೆಳು ಕೊಂಬುಗಳನ್ನು ಅವರು ಎಷ್ಟೋ ನೋಡಿದ್ದಾರೆ. ನಡುಕಕ್ಕೆ ಕಾರಣ ಬೇರೆ, ಅದು ತೇಜಸ್ವಿನಿಗೆ ಇನ್ನೂ ಗೊತ್ತಿಲ್ಲ.

ಸರಳಾ ಸಂಗೀತದ ಮನೆಯವರಲ್ಲ. ಅಪ್ಪ ಗದಗದ ಕಡೆಯಿಂದ ಬಂದು ಇಲ್ಲಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಕ್ವಾರ್ಟರ್ಸಿನಲ್ಲಿ ಬೆಳೆದ ಮಗಳು ಹತ್ತೊಂಬತ್ತನೇ ವಯಸ್ಸಿಗೆ ಗಡಿಯಾರದ ಕಾರ್ಖಾನೆ ಸೇರಿದಳು. ಬಿಳಿ ಕೋಟು, ತಲೆಗೆ ಟೋಪಿ, ಕಣ್ಣಿಗೆ ಲೆನ್ಸ್, ದಿನಕ್ಕೆ ಎಂಟು ಗಂಟೆ ಸಾಸಿವೆಗಿಂತ ಸಣ್ಣ ಭಾಗಗಳ ಅಂಚು ಉಜ್ಜುವ ಕೆಲಸ. ಆ ವಿಭಾಗದ ಪಕ್ಕದ ಗಾಜಿನ ಕೋಣೆಯಲ್ಲಿ ನಾಗಸಂದ್ರದ ಮುನಿಶಾಮಮ್ಮ ಕೂರುತ್ತಿದ್ದರು, ಸಿದ್ಧವಾದ ಗಡಿಯಾರವನ್ನು ಕಿವಿಗೆ ಹಿಡಿದು ಟಿಕ್‌ಟಿಕ್‌ನಲ್ಲಿ ಕಳಂಕ ಹುಡುಕಲು. ಮಷೀನ್ ಪಾಸ್ ಮಾಡಿದ ಗಡಿಯಾರವನ್ನೂ ಮುನಿಶಾಮಮ್ಮ ಪಕ್ಕಕ್ಕಿಡುತ್ತಿದ್ದರಂತೆ. ಬಿಚ್ಚಿ ನೋಡಿದರೆ ಒಳಗೊಂದು ಧೂಳಿನ ಕಣ ಇರುತ್ತಿತ್ತು.

“ಒಂದ್ಸಲ ಡ್ಯೂಟಿಲೇ ನಿದ್ದೆ ಮಾಡ್ಬಿಟ್ಟು ಮೆಮೊ ಈಸ್ಕೊಂಡಿದ್ಲು” ಅಂತ ಸರಳಾ ಚಾಡಿ ಹೇಳುತ್ತಾರೆ.

“ಅಯ್ಯೋ, ಅವತ್ತಿನ ಗಡಿಯಾರದ ಲಾಟೆಲ್ಲ ಚೆಂದಾಗಿತ್ತು, ನಿದ್ದೆ ಬಂತು, ಏನ್ ಮಾಡ್ಲಿ?” ಮುನಿಶಾಮಮ್ಮನಿಗೆ ಈಗಲೂ ನಾಚಿಕೆಯಿಲ್ಲ. “ಕೆಟ್ಟ ಗಡಿಯಾರ ಒಂದಿದ್ರೂ ಮೈಯೆಲ್ಲ ಕೆರ್‍ಕೊಳ್ಳೊ ಅಂಗಾಗೋದು. ಕಣ್ಣು ಮುಚ್ಚಕ್ಕಾಗ್ತಿರ್ಲಿಲ್ಲ. ಸೂಪರ್‌ವೈಜರ್‌ಗೂ ಅದೇ ಯೋಳ್ದೆ. ಸಾಮಿ, ನಾನ್ ಮಲಗಿದೀನಿ ಅಂದ್ರೆ ನಿಮ್ ಮಾಲು ಪಾಸು ಅಂತ.”

ಕಾರ್ಖಾನೆ ಸೊರಗಿತು, ಸ್ವಯಂನಿವೃತ್ತಿ ಬಂತು. ಮುನಿಶಾಮಮ್ಮ ಮನೆ, ಹಸು, ಮೊಮ್ಮಕ್ಕಳು ಅಂತ ಹೋದರು. ಸರಳಾ ಯಶವಂತಪುರ ಮಾರ್ಕೆಟ್ಟಿನ ಹತ್ತಿರ ಒಂದು ಗೂಡಂಗಡಿ ಹಿಡಿದು ಗಡಿಯಾರ ರಿಪೇರಿಗೆ ಕೂತರು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದು ಗಡಿಯಾರ ಕೇಳುವವರೇ ಇಲ್ಲ. ಪಕ್ಕದ ಅಂಗಡಿ ಚನ್ನಕೇಶವ ಅವರದು, ಹಾರ್ಮೋನಿಯಂ, ತಂಬೂರಿ, ಸಿತಾರ್ ರಿಪೇರಿ. ಅವರ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಒಂದು ಕುದುರೆ ಹಿಡಿದು ಬಂದು, “ನಿಮ್ ಲೆನ್ಸಲ್ಲಿ ಸ್ವಲ್ಪ ನೋಡಮ್ಮ, ಎಲ್ಲಿ ಉಬ್ಬಿದೆ?” ಅಂದರು. ಸರಳಾ ನೋಡಿ, “ಎಡಗಡೆ ಒಂದು ಗುಡ್ಡ ಇದೆ ಸಾರ್, ಕೂದಲಷ್ಟು” ಅಂದರು. ಚನ್ನಕೇಶವ ತಮ್ಮ ಅರವನ್ನು ಅವರ ಕೈಗಿಟ್ಟರು. ಆರು ವರ್ಷ ಕಲಿಸಿದರು. ಈಗ ಅವರಿಲ್ಲ, ಅವರ ಅರ ಇದೆ.

ಲೆಕ್ಕ ಹೇಳುವುದಾದರೆ ವಾರಕ್ಕೆ ಮೂರು ಕುದುರೆ, ದಸರಾ ಮುಂಚೆ ಐದು. ಒಂದು ಕುದುರೆಗೆ ಅರ ತಾಗುವುದು ಒಟ್ಟು ನಾಲ್ಕೈದು ನಿಮಿಷ. ಉಳಿದದ್ದೆಲ್ಲ ತಂತಿ ಸಡಿಲಿಸುವುದು, ಕೂರಿಸುವುದು, ಶ್ರುತಿ ಮಾಡುವುದು, ಮೀಟುವುದು, ಕೇಳುವುದು, ಮತ್ತೆ ಸಡಿಲಿಸುವುದು. ಕೇಳುವುದಕ್ಕೆ ಸದ್ದಿಲ್ಲದ ಹೊತ್ತು ಬೇಕು. ಹಾಗಾಗಿ ಹತ್ತೊಂಬತ್ತು ವರ್ಷದಿಂದ ನಾಲ್ಕೂವರೆಗೆ ಏಳುವುದು ತಪ್ಪಿಲ್ಲ. ಫ್ಯಾನ್ ಹಾಕುವಂತಿಲ್ಲ, ಕುಕ್ಕರ್ ಇಡುವಂತಿಲ್ಲ. ಮೇಲಿನ ಮನೆಯ ಗಜಾಲಾ ಕೂಡ ಈ ಹೊತ್ತಲ್ಲಿ ಮೋಟರ್ ಹಾಕುವುದಿಲ್ಲ. ಕಷ್ಟ ಅಂದರೆ ಇದಲ್ಲ ಎನ್ನುತ್ತಾರೆ ಸರಳಾ. ಕಷ್ಟ ಶುರುವಾದದ್ದು ಕಳೆದ ಮಳೆಗಾಲದಲ್ಲಿ.

ಹೆಬ್ಬಾಳದ ಹತ್ತಿರ ಕಾಲೇಜಿನಲ್ಲಿ ಪಾಠ ಮಾಡುವ ಬಸವಕಿರಣ, ಬಾಗಲಕೋಟೆ ಕಡೆಯವರು, ವಾರದ ಹಿಂದಷ್ಟೇ ಒಯ್ದಿದ್ದ ಸಿತಾರ್ ವಾಪಸ್ ತಂದರು. “ಅಕ್ಕಾರ, ಮ್ಯಾಲಿನ ಸಾ ಹಿಡಿದ್ರ ಸಣ್ಣಗ ಕಿರ್ರ್ ಅಂತೈತ್ರಿ.” ಸರಳಾ ಮೀಟಿದರು. ಚೆನ್ನಾಗಿಯೇ ಇತ್ತು. ಇನ್ನೊಮ್ಮೆ ಮೀಟಿದರು. “ಈಗ ಕೇಳ್ತಲ್ರೀ?” ಅಂದರು ಬಸವಕಿರಣ. ಸರಳಾಗೆ ಏನೂ ಕೇಳಲಿಲ್ಲ. ಮೂರನೇ ಸಲ ಮೀಟಿ ಅವರ ಮುಖ ನೋಡಿದರೆ, ಆತ ಪಾಪ, ಎಲ್ಲೋ ಗೋಡೆ ಕಡೆ ನೋಡುತ್ತಿದ್ದರು.

ಯಶವಂತಪುರದ ಕಿವಿ ಡಾಕ್ಟರ ಹತ್ತಿರ ಹೋದಾಗ ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗೆಲ್ಲ ಒತ್ತಿ ಅಂದಳಂತೆ ಅಲ್ಲಿನ ಹುಡುಗಿ. ಮೊದಮೊದಲು ಸರಳಾ ಒತ್ತಿದರು. ಆಮೇಲೆ ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತ ಕೂತರು.

“ಎಷ್ಟೊತ್ತಾದ್ರೂ ಸದ್ದೇ ಇಲ್ಲ. ‘ಯಾವಾಗಮ್ಮ ಮುಂದಿಂದು ಶುರು ಮಾಡೋದು?’ ಅಂದೆ. ‘ಎಲ್ಲಾ ಮುಗೀತು ಆಂಟಿ’ ಅಂದ್ಲು.” ಇಷ್ಟು ಹೇಳಿ ಸರಳಾ ಸೆರಗಿನ ತುದಿಯಿಂದ ಲೆನ್ಸ್ ಒರೆಸುತ್ತಾರೆ. ಒರೆಸಿದ್ದನ್ನೇ ಒರೆಸುತ್ತಾರೆ.

ಮಾತು ಕೇಳುತ್ತದೆ, ಹಾರ್ನ್ ಕೇಳುತ್ತದೆ, ಕೆಳಗಿನ ಸ್ವರಗಳೆಲ್ಲ ಕೇಳುತ್ತವೆ. ತೀರಾ ಮೇಲಿನ ಸಣ್ಣ ಸದ್ದುಗಳು ಮಾತ್ರ ಹೋಗಿವೆ. ಜವಾರಿಯ ಗುಟ್ಟೆಲ್ಲ ಅಲ್ಲೇ ಇರುವುದು. ಕಿವಿಗೆ ಹಾಕುವ ಮಷೀನ್ ಒಂದು ವಾರ ಹಾಕಿಕೊಂಡು ನೋಡಿದರು. ತಟ್ಟೆ ಕೆಳಗಿಟ್ಟ ಸದ್ದಿಗೂ ಜವಾರಿ ಇದ್ದ ಹಾಗೆ ಕೇಳಿತಂತೆ. ಊಟಕ್ಕೆ ಸರಿ, ಕೆಲಸಕ್ಕಲ್ಲ ಅಂತ ಎತ್ತಿಟ್ಟರು.

ಇದಕ್ಕಿಂತ ದೊಡ್ಡ ಏಟು ಆಮೇಲೆ ತಿಳಿಯಿತು. ತನ್ನ ಕಿವಿ ಮುಚ್ಚುತ್ತ ಹೋದ ಹಾಗೆ, ಝೇಂಕಾರ ಸಾಲದು ಅನ್ನಿಸಿ, ತಾನು ಕುದುರೆಗಳನ್ನು ಇನ್ನಷ್ಟು, ಇನ್ನಷ್ಟು ಉಜ್ಜುತ್ತಲೇ ಬಂದಿದ್ದೇನೆ! ತನ್ನ ಕಿವಿಗೆ ಸರಿ ಕಂಡದ್ದೆಲ್ಲ ಊರಿನ ಕಿವಿಗೆ ಕಿರುಗುಟ್ಟುತ್ತಿತ್ತು. ಎಷ್ಟು ತಿಂಗಳಿಂದಲೋ ದೇವರೇ ಬಲ್ಲ. ಸರಳಾ ಫೋನ್ ಹಿಡಿದು ಕೂತು ಒಬ್ಬೊಬ್ಬರನ್ನೇ ಕರೆದರು. ಹನ್ನೊಂದು ಸಿತಾರ್ ವಾಪಸ್ ತರಿಸಿ, ಏನೋ ಹವಾಮಾನದ ನೆಪ ಹೇಳಿ, ತಿರುಗಿ ಕೂಡಿಸಿಕೊಟ್ಟರು. ಇಬ್ಬರು ಮಾತ್ರ, “ನಮಗೆ ಹೀಗೇ ಇಷ್ಟ, ಬಿಡಿ” ಅಂದರಂತೆ.

ಆ ಹನ್ನೊಂದನ್ನು ಕೇಳಿ ಪಾಸ್ ಮಾಡಿದ ಕಿವಿ ಮುನಿಶಾಮಮ್ಮನದು. ಅರವತ್ತಾರು ವರ್ಷ, ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಸಿತಾರ್ ಅಂದರೆ ವೀಣೆಯ ತಂಗಿ ಅಂದುಕೊಂಡಿದ್ದಾರೆ. ಆದರೆ ಡಾಕ್ಟರ ಅದೇ ಹೆಡ್‌ಫೋನ್ ಹಾಕಿಸಿದಾಗ ಹುಡುಗಿ ಕೈಬಿಡುವವರೆಗೂ ಗುಂಡಿ ಒತ್ತುತ್ತಲೇ ಇದ್ದರಂತೆ. ನಾಗಸಂದ್ರದಿಂದ ಮೊದಲ ಮೆಟ್ರೊ ಹತ್ತಿ ಬರುತ್ತಾರೆ. ಕೇಳುವ ಮುಂಚೆ ಬಾಯಲ್ಲಿರುವ ಎಲೆ ಅಡಿಕೆ ಉಗಿದು ಬಾಯಿ ಮುಕ್ಕಳಿಸುತ್ತಾರೆ. ಅಗಿಯುತ್ತಿದ್ದರೆ ಕಿವಿ ನಿಲ್ಲುವುದಿಲ್ಲವಂತೆ.

ಐದೂ ಮೂವತ್ತೈದಕ್ಕೆ ಅರ ಕೊಂಬಿಗೆ ತಾಗುತ್ತದೆ. ಆರು ಸಲ ಎಳೆದು ಸರಳಾ ನಿಲ್ಲಿಸುತ್ತಾರೆ. ಬೆರಳ ತುದಿಯಿಂದ ಸವರಿ, ಕುದುರೆ ಕೂರಿಸಿ, ತಂತಿ ಬಿಗಿದು, ಶ್ರುತಿ ಮಾಡಿ ಮೀಟುತ್ತಾರೆ. ಮುನಿಶಾಮಮ್ಮ ಕಣ್ಣು ಮುಚ್ಚುತ್ತಾರೆ.

“ಸದ್ದಲ್ಲಿ ಮರಳೈತೆ.”

“ಎಷ್ಟು?”

“ಒಂದ್ ಚಿಟಿಕೆ. ಎಳೀತಾ ಎಳೀತಾ ಕೊನೇಲಿ.”

ಮತ್ತೆ ಸಡಿಲಿಸಿ, ಈ ಸಲ ಮೂರೇ ಎಳೆತ. ಕಂದು ಬಣ್ಣ ಇನ್ನಷ್ಟು ಮೇಲೆ ಬಂದ ಹಾಗಿದೆ. ಮೀಟಿದರೆ, “ಕಮ್ಮಿ ಆಯ್ತು. ಒಂದ್ ಕಾಳು ಐತೆ ಇನ್ನೂವೆ” ಅಂತ ಬರುತ್ತದೆ ಗೋಡೆಯ ಕಡೆಯಿಂದ. ಮೂರನೆಯ ಸಲ ಅರವನ್ನೇ ಮುಟ್ಟುವುದಿಲ್ಲ, ಬರೀ ನುಣುಪು ಕಾಗದದಿಂದ ಎರಡು ಸಲ ಸವರುತ್ತಾರೆ. ಆರೂಕಾಲು. ಮೀಟಿ, ಸಿತಾರಿನ ಕೊರಳಿಗೆ ತಮ್ಮ ದವಡೆ ಒತ್ತಿ ಹಿಡಿಯುತ್ತಾರೆ. ಕಿವಿಗೆ ಬಾರದ್ದು ಮೂಳೆಗಾದರೂ ಬರಲಿ ಅಂತ.

ಮುನಿಶಾಮಮ್ಮ ಮುಚ್ಚಿದ ಕಣ್ಣು ತೆರೆಯುವುದಿಲ್ಲ.

“ಅಕ್ಕಾ?”

“ಇರು. ಇನ್ನೊಂದ್ಸಲ.” ಸರಳಾ ಮೀಟುತ್ತಾರೆ. “ಆಯ್ತು, ಇನ್ ಕೈ ಇಕ್ಬೇಡ. ಮುಗೀತು.”

ಆರೂ ಇಪ್ಪತ್ತೆಂಟಕ್ಕೆ ಟ್ಯಾಂಕರ್ ಓಣಿಗೆ ನುಗ್ಗುತ್ತದೆ. ಸರಳಾ ಅಲ್ಲೇ ಗೋಡೆಗೆ ತಲೆ ಆನಿಸಿ ಕೂತುಬಿಡುತ್ತಾರೆ.

ಎಂಟೂವರೆಗೆ ತೇಜಸ್ವಿನಿ ಬರುತ್ತಾರೆ. ಚೀಲ ಕೆಳಗಿಡುವ ಮುಂಚೆಯೇ ಕೈ ಸಿತಾರ್ ಕಡೆ ಹೋಗುತ್ತದೆ. ಸರಳಾ ತಡೆಯುತ್ತಾರೆ.

“ಒಂದ್ ನಿಮಿಷ ಮೇಡಂ. ನುಡಿಸೋಕೆ ಮುಂಚೆ ಒಂದು ವಿಷಯ ಹೇಳ್ಬೇಕು. ನನಗೆ ಮೇಲಿನ ಸದ್ದು ಕೇಳಿಸ್ತಿಲ್ಲ. ಆರು ತಿಂಗಳಾಯ್ತು. ಇದನ್ನ ಕೂಡಿಸಿದ್ದು ನನ್ನ ಕೈ, ಕೇಳಿದ್ದು ಇವರು.”

ತೇಜಸ್ವಿನಿ ಚಾಚಿದ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಬಾಗಿಲ ಬಳಿ ಎಲೆ ಅಡಿಕೆ ಹಾಕಿಕೊಳ್ಳುತ್ತಿರುವ ಮುನಿಶಾಮಮ್ಮನನ್ನು ನೋಡುತ್ತಾರೆ. “ಇವರು ಯಾರ ಹತ್ರ ಕಲ್ತಿದ್ದು?”

“ಗಡಿಯಾರದ ಹತ್ರ” ಅನ್ನುತ್ತಾರೆ ಮುನಿಶಾಮಮ್ಮ.

“ಸರಳಕ್ಕ, ನೀವು ಇದನ್ನ ಮೊದಲೇ ಹೇಳ್ಬೇಕಿತ್ತು. ಅರ ಇಡೋಕೆ ಮುಂಚೆ. ಇದು ನಮ್ಮ ಗುರುಗಳದು, ನಿಮಗೆ ಗೊತ್ತಲ್ವಾ?”

“ಹೇಳ್ಬೇಕಿತ್ತು. ಹೇಳಿದ್ರೆ ನೀವು ಕೊಡ್ತಿರಲಿಲ್ಲ. ಹೆದರಿಕೊಂಡೆ. ತಪ್ಪಾಯ್ತು.”

ತೇಜಸ್ವಿನಿ ಕೂತು ನುಡಿಸುತ್ತಾರೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸರಳಾ ಅವರ ಕಣ್ಣು ತಂತಿಯ ಮೇಲಿಲ್ಲ, ತೇಜಸ್ವಿನಿಯ ಹುಬ್ಬಿನ ಮೇಲಿದೆ. ಕೊನೆಗೆ ತೇಜಸ್ವಿನಿ ಹೇಳುತ್ತಾರೆ, “ಮಧ್ಯಮದಲ್ಲಿ ಸ್ವಲ್ಪ ಬಿಗಿ ಅನ್ನಿಸ್ತಿದೆ. ಇನ್ನೊಂದೇ ಒಂದು ಎಳೆತ ಎಳೀತೀರಾ?”

ಮುನಿಶಾಮಮ್ಮ ಅಗಿಯುವುದನ್ನು ನಿಲ್ಲಿಸಿ ತಲೆ ಅಡ್ಡಡ್ಡ ಆಡಿಸುತ್ತಾರೆ.

ಹತ್ತೊಂಬತ್ತು ವರ್ಷದಲ್ಲಿ ನುಡಿಸುವವರು ಇನ್ನೊಂದು ಎಳೆತ ಅಂದಾಗ ಸರಳಾ ಇಲ್ಲ ಅಂದದ್ದೇ ಇಲ್ಲ. ಅವರ ಕಿವಿ, ಅವರ ಸಂಗೀತ, ನಮ್ಮದೇನು ಅನ್ನುವುದು ಚನ್ನಕೇಶವ ಅವರು ಹೇಳಿಕೊಟ್ಟ ಪಾಠ. ಸರಳಾ ಅರ ಎತ್ತಿಕೊಳ್ಳುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

“ಇಲ್ಲ ಮೇಡಂ. ಇಲ್ಲಿಗೆ ನಿಲ್ಸಬೇಕು. ತಂತಿ ಹೊಸದು, ರಾತ್ರಿವರೆಗೂ ನುಡಿಸ್ತಾ ಇರಿ, ಬಿಗಿ ಬಿಡುತ್ತೆ. ಬಿಡದಿದ್ರೆ ನನ್ನ ಬೈರಿ. ಇನ್ನೊಂದು ಎಳೆತ ಎಳೆದ್ರೆ ಬೈಯೋಕೂ ಕೊಂಬು ಉಳಿದಿರಲ್ಲ.”

ಸಿತಾರ್ ಚೀಲಕ್ಕೆ ಹೋಗುತ್ತದೆ. ಚೆನ್ನಾಗಿದೆ ಅಂತಲೂ ಇಲ್ಲ, ಚೆನ್ನಾಗಿಲ್ಲ ಅಂತಲೂ ಇಲ್ಲ. ಮೆಟ್ಟಿಲಿಳಿಯುವಾಗ “ಬರ್ತೀನಿ” ಅನ್ನುತ್ತಾರೆ ತೇಜಸ್ವಿನಿ, ಅಷ್ಟೇ. ಆ ಇಡೀ ಶನಿವಾರ ಸರಳಾ ಬೇರೆ ಕುದುರೆ ಮುಟ್ಟುವುದಿಲ್ಲ. ಫೋನು ಕೈಯಲ್ಲೇ ಇದೆ, ರಿಂಗಾಗುವುದಿಲ್ಲ. ಬೆಳಗಿನಿಂದ ಜೊತೆಗೇ ಕೂತಿದ್ದ ನಾನು, ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಅಂತ ಕೇಳಿದರೆ ಅರದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತುತ್ತಾರೆ. “ಬರೆದ್ರೆ ಅರ್ಧ ಜನ ಬರೋದು ನಿಲ್ಲಿಸ್ತಾರೆ” ಅನ್ನುತ್ತಾರೆ. ಆಮೇಲೆ, “ಬರೀರಿ. ಹವಾಮಾನ ಅಂತ ಎಷ್ಟು ದಿನ ಸುಳ್ಳು ಹೇಳ್ಕೊಂಡಿರೋದು?”

ಭಾನುವಾರ ಬೆಳಿಗ್ಗೆ ಏಳು ಗಂಟೆ. ಯಲಹಂಕದ ಸಭಾಂಗಣದ ಕೊನೆಯ ಸಾಲಿನಲ್ಲಿ ಇಬ್ಬರು ಹೆಂಗಸರು. ಬೇಡ ಅಂದರೂ ಮುನಿಶಾಮಮ್ಮನನ್ನು ಆಟೋದಲ್ಲಿ ಎಳೆದುಕೊಂಡು ಬಂದಿದ್ದಾರೆ ಸರಳಾ. ವೇದಿಕೆಯ ಮೇಲೆ ಗುರುಗಳ ಫೋಟೊ, ಅದರ ಮುಂದೆ ತೇಜಸ್ವಿನಿ. ಬೆಳಗಿನ ರಾಗದ ಆಲಾಪ ಶುರುವಾಗುತ್ತದೆ. ಸರಳಾಗೆ ಕೆಳಗಿನ ಸ್ವರಗಳು ಚೆನ್ನಾಗಿ ಕೇಳುತ್ತಿವೆ. ಮೇಲಕ್ಕೆ ಹೋದಂತೆ ನಾದ ತೆಳುವಾಗುತ್ತ, ಒಂದು ಕಡೆ ನಿಂತೇ ಹೋಗುತ್ತದೆ. ತೇಜಸ್ವಿನಿಯ ಬೆರಳು ಮಾತ್ರ ಇನ್ನೂ ಎಳೆಯುತ್ತಿದೆ. ಆ ಎಳೆತದಲ್ಲಿ ಮರಳು ಇದೆಯೋ, ಇಲ್ಲವೋ? ಮುಂದಿನ ಸಾಲಿನವರ ತಲೆಗಳನ್ನು ನೋಡುತ್ತಾರೆ, ಏನೂ ಗೊತ್ತಾಗುವುದಿಲ್ಲ. ತೇಜಸ್ವಿನಿಯ ಮುಖ ದೂರ.

ಕಾಲು ಗಂಟೆ ಆದಮೇಲೆ ತಡೆಯಲಾರದೆ, “ಅಕ್ಕ, ಹೇಗಿದೆ?” ಅಂತ ಪಿಸುಗುಟ್ಟುತ್ತಾರೆ. ತಿರುಗಿ ನೋಡಿದರೆ, ದಿನಾ ನಾಲ್ಕಕ್ಕೆ ಎದ್ದು ಹಸುವಿನ ಕೊಟ್ಟಿಗೆ ಗುಡಿಸುವ, ಹಗಲು ಹೊತ್ತು ಕಣ್ಣು ಮುಚ್ಚಿದ್ದನ್ನು ಮನೆಯವರೇ ನೋಡಿಲ್ಲದ ಮುನಿಶಾಮಮ್ಮ, ಕುರ್ಚಿಗೊರಗಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದಾರೆ.

ಸರಳಾ ಅವರ ಕಣ್ಣು ತುಂಬಿ ಬರುತ್ತದೆ. ಸುತ್ತ ಕೂತವರು ರಾಗಕ್ಕೇ ಇರಬೇಕು ಅಂದುಕೊಳ್ಳುತ್ತಾರೆ. ಪಕ್ಕದ ಹೆಂಗಸೊಬ್ಬರು ಗೊರಕೆ ಕೇಳಿ ಮುಖ ಸಿಂಡರಿಸಿ, “ಎಬ್ಬಿಸ್ರೀ ಅವರನ್ನ” ಅನ್ನುತ್ತಾರೆ.

“ಬೇಡಮ್ಮ” ಅನ್ನುತ್ತಾರೆ ಸರಳಾ. “ಅವರು ಡ್ಯೂಟಿ ಮೇಲಿದ್ದಾರೆ.”